ಮಾವನ ಗಾಡಿಯ ರಿಮ್ಮು

ಮದುವೆಯಾಗಿ ಆ ಮನೆಗೆ ಹೋದ ಮೇಲೆ ನಮ್ಮ ಮಾವ ನನ್ನ ಜೊತೆ ಆಡಿದ ಮೊದಲ ಮಾತು, "ಏ ಶ್ರೀರಾಂಪುರ, ಇಲ್ಲಿ ಬಾ."

ಅಷ್ಟು ಹೊತ್ತಿಗೆ ನಾನು ಅಲ್ಲಿಗೆ ಬಂದು ವರ್ಷವಾಗುತ್ತ ಬಂದಿತ್ತು. ಅಲ್ಲಿಯವರೆಗೆ ಅವರು ನನಗೆ ಏನಾದರೂ ಹೇಳಬೇಕಿದ್ದರೆ ನನ್ನ ಗಂಡನಿಗೆ ಹೇಳುತ್ತಿದ್ದರು, ಗಂಡ ಮನೆಯಲ್ಲಿ ಇಲ್ಲದಿದ್ದರೆ ಗೋಡೆಗೆ ಹೇಳುತ್ತಿದ್ದರು. "ಕಾಫಿ ತಣ್ಣಗಾಗೋಗದೆ," ಅಂತ ಕ್ಯಾಲೆಂಡರ್ ನೋಡಿಕೊಂಡು ಹೇಳುವುದು. ನಾನು ಬೇರೆ ಕಾಫಿ ತಂದಿಟ್ಟರೆ ಲೋಟವನ್ನು ತೆಗೆದುಕೊಳ್ಳುವುದು ನಾನು ಒಳಗೆ ಹೋದ ಮೇಲೆಯೇ.

ಚಾಮರಾಜಪೇಟೆಯ ಆ ಮನೆ ಅವರೇ ಕಟ್ಟಿಸಿದ್ದು. ಕೆಳಗೆ ಅವರು ಮತ್ತು ನಾವಿಬ್ಬರು, ಮೇಲಿನ ಮಹಡಿಯಲ್ಲಿ ನನ್ನ ಗಂಡನ ಅಣ್ಣ, ಅಂದರೆ ಭಾವ, ಮತ್ತು ಅವರ ಹೆಂಡತಿ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮಾವ ಮಾಗಡಿ ಕಡೆಯ ಹಳ್ಳಿಯಿಂದ ಬಂದು ಮಾರ್ಕೆಟ್ಟಿನಲ್ಲಿ ತರಕಾರಿ ಮಂಡಿ ನಡೆಸಿದವರು. ನಾನು ಶ್ರೀರಾಂಪುರದ ವಠಾರದಲ್ಲಿ ಹುಟ್ಟಿ ಬೆಳೆದವಳು. ಜಾತಿ ಬೇರೆ. ಅಪ್ಪ ಮಿಲ್ಲಿನಲ್ಲಿ ಕೆಲಸಕ್ಕಿದ್ದವರು. ಇಷ್ಟು ಸಾಲದು ಅನ್ನುವ ಹಾಗೆ ನಾನು ಉಪ್ಪಾರಪೇಟೆಯ ಒಂದು ಲಾಡ್ಜಿನಲ್ಲಿ ರಿಸೆಪ್ಷನ್ ಕೆಲಸ ಮಾಡುತ್ತಿದ್ದೆ. "ಲಾಡ್ಜಲ್ಲಿ ಕೆಲಸ ಮಾಡೋಳು," ಎಂದು ಮಾವ ಹೇಳುವಾಗ ಆ 'ಲಾಡ್ಜು' ಎಂಬ ಪದ ಅವರ ಬಾಯಲ್ಲಿ ಏನೋ ಕೊಳೆತದ್ದನ್ನು ಕಚ್ಚಿದ ಹಾಗೆ ಬರುತ್ತಿತ್ತು.

ಆವತ್ತು ಭಾನುವಾರ. ಅಡುಗೆಮನೆ ಕಿಟಕಿಯಿಂದ ನೋಡಿದರೆ ಮನೆ ಮುಂದಿನ ಅಂಗಳದಲ್ಲಿ ಅವರ ಮೋಟಾರ್‌ಸೈಕಲ್ ಡಬಲ್ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಅದು ಅವರು ಪ್ರಾಯದಲ್ಲಿ ಕೊಂಡ ಗಾಡಿ, ಕಡ್ಡಿ ಕಡ್ಡಿ ಸ್ಪೋಕ್ ಚಕ್ರದ್ದು. ರಿಮ್ಮಿಗೆ ಬೆಳ್ಳಿಯ ಹಾಗೆ ಹೊಳೆಯುವ ಕ್ರೋಮ್ ಲೇಪ. ಮಾವನಿಗೆ ಕೈ ನಡುಕ ಶುರುವಾಗಿ ಗಾಡಿ ಓಡಿಸುವುದು ನಿಂತಿತ್ತು. ಆದರೆ ರಿಮ್ಮು ಉಜ್ಜುವುದು ನಿಂತಿರಲಿಲ್ಲ. ಈಗ ಅದೂ ಆಗುತ್ತಿರಲಿಲ್ಲ. ಹಿಡಿದ ಬಟ್ಟೆ ಸ್ಪೋಕುಗಳ ನಡುವೆ ಸಿಕ್ಕಿಕೊಂಡು, ಅದನ್ನು ಬಿಡಿಸಲು ಹೋದ ಬೆರಳು ಇನ್ನೊಂದು ಸ್ಪೋಕಿಗೆ ತಾಗಿ ಗೀರುತ್ತಿತ್ತು. ಭಾವನನ್ನು ಕರೆದಿದ್ದರು. ಭಾವ ಮೇಲಿನಿಂದಲೇ, "ವಾಟರ್ ಸರ್ವೀಸ್‌ಗೆ ಕೊಡೋಣ ಬಿಡಪ್ಪ," ಎಂದು ಬಾಗಿಲು ಹಾಕಿಕೊಂಡಿದ್ದರು. ನನ್ನ ಗಂಡ ಪ್ರತಿ ಭಾನುವಾರ ಅಪ್ಪ ಏಳುವ ಮೊದಲೇ ಬಸವನಗುಡಿ ಕಡೆ ಮೈದಾನಕ್ಕೆ ಕ್ರಿಕೆಟ್ ಆಡಲು ಓಡಿಹೋಗುತ್ತಿದ್ದ. ಉಳಿದವಳು ನಾನು.

ಹೋದೆ. ಅವರು ನನ್ನ ಮುಖ ನೋಡಲಿಲ್ಲ. ಕೈಕೋಲಿನಿಂದ ನೆಲದ ಮೇಲಿದ್ದ ಗೋಣಿಚೀಲವನ್ನು ತೋರಿಸಿ, "ಕೂತ್ಕೋ," ಎಂದರು.

ಪಕ್ಕದಲ್ಲಿ ಸೀಮೆಎಣ್ಣೆ ಡಬ್ಬ, ಹಳೆ ಹಲ್ಲುಜ್ಜುವ ಬ್ರಷ್, ಹರಿದ ಬನಿಯನ್ನುಗಳು, ಒಂದು ಪೊಟ್ಟಣದಲ್ಲಿ ವಿಭೂತಿ ಇಟ್ಟಿದ್ದರು. ತುಕ್ಕು ಕಂಡ ಕಡೆ ಗಟ್ಟಿಯಾಗಿ ಉಜ್ಜಬೇಕು ಎಂದುಕೊಂಡು ನಾನು ಒಳಗೆ ಹೋಗಿ ಪಾತ್ರೆ ಉಜ್ಜುವ ಸ್ಟೀಲಿನ ಜುಂಗು ತಂದೆ. ಅದನ್ನು ರಿಮ್ಮಿಗೆ ತಾಗಿಸುವಷ್ಟರಲ್ಲಿ ಕೈಕೋಲು ನನ್ನ ಬೆರಳಿನ ಗೆಣ್ಣಿನ ಮೇಲೆ ಬಿತ್ತು.

"ಗೀರು ಬಿದ್ರೆ ಯಾರ್ ಸರಿ ಮಾಡ್ತಾರೆ? ನಿಮ್ಮಪ್ಪಾನಾ? ಪಾತ್ರೆ ಅಂದ್ಕೊಂಡಿದೀಯಾ ಇದನ್ನ?"

ನೋವಿಗಿಂತ ಆಶ್ಚರ್ಯ ಹೆಚ್ಚಾಯಿತು. ನಮ್ಮ ಮನೆಯಲ್ಲಿ ಯಾರೂ ನನ್ನ ಮೇಲೆ ಕೈ ಮಾಡಿದವರಲ್ಲ. ಎದ್ದು ಒಳಗೆ ಹೋಗಿಬಿಡಬೇಕಿತ್ತು. ಹೋಗಲಿಲ್ಲ. ಎದ್ದುಹೋದರೆ, 'ನೋಡು, ಒಂದು ಚಕ್ರ ಒರೆಸೋ ಯೋಗ್ಯತೆ ಇಲ್ಲ' ಎಂದು ಮೇಲಿನವರಿಗೆಲ್ಲ ಕೇಳುವ ಹಾಗೆ ಹೇಳುತ್ತಾರೆ ಎಂದು ನನಗೆ ಗೊತ್ತಿತ್ತು. ಆ ಖುಷಿಯನ್ನು ಅವರಿಗೆ ಕೊಡಬಾರದು ಎಂದು ಹಲ್ಲು ಕಚ್ಚಿ ಕುಳಿತೆ.

ಅವರು ಬೈದು ಬೈದು ಹೇಳಿಕೊಟ್ಟರು. ಮೊದಲು ನೀರು ಹಾಕಿ ಮಣ್ಣು ಹೋಗಿಸಬೇಕು, ಮಣ್ಣಿರುವಾಗ ಉಜ್ಜಿದರೆ ಮಣ್ಣೇ ಗೀರುತ್ತದೆ. ತುಕ್ಕಿನ ಚುಕ್ಕಿಗೆ ಊಟದ ಡಬ್ಬಿಗೆ ಸುತ್ತುವ ಬೆಳ್ಳಿ ಬಣ್ಣದ ಹಾಳೆಯನ್ನು ಮುದ್ದೆ ಮಾಡಿ, ನೀರಿನಲ್ಲಿ ಅದ್ದಿ ಮೆಲ್ಲಗೆ ತಿಕ್ಕಬೇಕು. ಸ್ಪೋಕು ರಿಮ್ಮಿಗೆ ಸೇರುವ ಜಾಗದಲ್ಲಿ ಕೂತ ಜಿಡ್ಡಿಗೆ ಸೀಮೆಎಣ್ಣೆ ಮತ್ತು ಬ್ರಷ್ಷು. ಕೊನೆಗೆ ಒಣ ಬನಿಯನ್ನಿನಲ್ಲಿ ವಿಭೂತಿ. ಪ್ರತಿಯೊಂದಕ್ಕೂ ಒಂದೊಂದು ಬೈಗುಳ. "ಉಜ್ಜು ಅಂದ್ರೆ ಸವರ್ತಾಳೆ, ಸವರು ಅಂದ್ರೆ ಕೆರೀತಾಳೆ." "ಕೈಯಲ್ಲಿ ದಮ್ಮಿಲ್ವಾ? ಲಾಡ್ಜಲ್ಲಿ ಬೀಗದಕೈ ಎತ್ತಿಕೊಡೋದು ಬಿಟ್ರೆ ಇನ್ನೇನು ಬರ್ತದೆ ನಿಂಗೆ?"

ನಾನು ಉಜ್ಜಿದೆ. ನಿಜ ಹೇಳುತ್ತೇನೆ, ನಾನು ಉಜ್ಜುತ್ತಿದ್ದದ್ದು ರಿಮ್ಮನ್ನಲ್ಲ. ಆ ಮನುಷ್ಯನ ಮುಖವನ್ನು ಮನಸ್ಸಿನಲ್ಲಿಟ್ಟುಕೊಂಡು ಉಜ್ಜಿದೆ. ಬಹುಶಃ ಅದಕ್ಕೇ ಅಷ್ಟು ಚೆನ್ನಾಗಿ ಹೊಳೆಯಿತು.

ಮುಂದಿನ ಭಾನುವಾರವೂ ಕರೆದರು. ಅದರ ಮುಂದಿನದೂ. ನನ್ನ ಗಂಡ, "ಹೋಗ್ಬೇಡ, ಬಿಡು. ನಾನು ಹೇಳ್ತೀನಿ ಅಪ್ಪಂಗೆ," ಎನ್ನುತ್ತಿದ್ದ. ಆದರೆ ಹೇಳಲಿಲ್ಲ. ಬ್ಯಾಟು ತೆಗೆದುಕೊಂಡು ಹೊರಟುಹೋಗುತ್ತಿದ್ದ. ನಾನು ಗೋಣಿಚೀಲದ ಮೇಲೆ ಕೂರುತ್ತಿದ್ದೆ, ಅವರು ಕುರ್ಚಿಯ ಮೇಲೆ. ನಮ್ಮಿಬ್ಬರ ನಡುವೆ ಪ್ರೀತಿ ಹುಟ್ಟಿತು ಎಂದೇನೂ ಯಾರೂ ತಿಳಿಯಬೇಡಿ. ವಾರಪೂರ್ತಿ ಗೋಡೆಯ ಜೊತೆ ಮಾತಾಡುತ್ತಿದ್ದ ಮನುಷ್ಯ ಭಾನುವಾರ ಮಾತ್ರ ನೇರವಾಗಿ ಬೈಯುತ್ತಿದ್ದರು, ಅಷ್ಟೇ. ಒಮ್ಮೆ ಎದುರು ಮನೆಯಾಕೆ ಹಾಲು ತರಲು ಹೋಗುವಾಗ ನಿಂತು, "ಏನ್ ಹೊಳೀತಿದೆ ರೀ! ನಿಮ್ಮ ಸೊಸೆ ಕೈ ಚೆನ್ನಾಗಿದೆ," ಎಂದರು. ಮಾವ ತಕ್ಷಣ, "ಅವಳದ್ದೇನದೆ? ಗಾಡಿ ಚೆನ್ನಾಗದೆ, ಹೊಳೀತದೆ," ಎಂದುಬಿಟ್ಟರು.

ಇವೆಲ್ಲವನ್ನೂ ಸಹಿಸಿಕೊಂಡೆ. ಸಹಿಸಿಕೊಳ್ಳಲಾಗದ್ದು ನಮ್ಮಪ್ಪ ಬಂದ ದಿನ ನಡೆಯಿತು.

ಅಪ್ಪ ಆ ಮನೆಗೆ ಬರುತ್ತಿದ್ದದ್ದೇ ಅಪರೂಪ. ಆವತ್ತು ಬೆಳಿಗ್ಗೆ ಅಮ್ಮ ಮಾಡಿದ ನಿಪ್ಪಟ್ಟು ಹಿಡಿದುಕೊಂಡು ಬಸ್ಸಿನಲ್ಲಿ ಬಂದಿದ್ದರು. ನಾನು ಹಿಂದಿನ ಚಕ್ರದ ಮುಂದೆ ಕುಳಿತಿದ್ದೆ, ಮೊಣಕೈವರೆಗೂ ಸೀಮೆಎಣ್ಣೆ. ಗೇಟಿನ ಹೊರಗೆ ಅಪ್ಪ ನಿಂತು, "ನಮಸ್ಕಾರ, ಚೆನ್ನಾಗಿದೀರಾ?" ಎಂದು ಮಾವನಿಗೆ ಕೈ ಮುಗಿದರು. ಮಾವ ತಲೆ ಅಲ್ಲಾಡಿಸಿದರು. ಒಳಗೆ ಬನ್ನಿ ಎನ್ನಲಿಲ್ಲ. ನಾನು ಎದ್ದೆ.

"ಎಲ್ಲಿಗೆ? ಕೆಲಸ ಮುಗಿಸು ಮೊದ್ಲು. ಅರ್ಧಕ್ಕೆ ಬಿಟ್ರೆ ಕಲೆ ಕೂರ್ತದೆ."

"ಅಪ್ಪ ಬಂದಿದಾರೆ, ಮಾವ."

"ಕಾಣ್ತದೆ. ಎಲ್ಲೂ ಓಡೋಗಲ್ಲ ಅವ್ರು. ಮುಗಿಸು."

ನಾನು ಗೇಟಿನ ಕಡೆ ಹೆಜ್ಜೆ ಇಟ್ಟೆ. ಅಪ್ಪನೇ ಕೈ ಅಡ್ಡ ಮಾಡಿ, "ಇರಲಿ ಇರಲಿ, ನೀನು ಮುಗಿಸಮ್ಮ. ನಂಗೂ ಮಲ್ಲೇಶ್ವರದಲ್ಲಿ ಕೆಲಸ ಇದೆ," ಎಂದರು. ಅವರಿಗೆ ಮಲ್ಲೇಶ್ವರದಲ್ಲಿ ಯಾವ ಕೆಲಸವೂ ಇರಲಿಲ್ಲ. ನಿಪ್ಪಟ್ಟಿನ ಡಬ್ಬಿಯನ್ನು ಗೇಟಿನ ಕಂಬದ ಮೇಲಿಟ್ಟು, ಮತ್ತೊಮ್ಮೆ ಮಾವನಿಗೆ ಕೈ ಮುಗಿದು ಹೊರಟೇಹೋದರು. ಹಿಂದೆ ಓಡಿದೆ. ತಿರುವಿನಲ್ಲಿ ಸಿಕ್ಕರು. ನನ್ನ ಕೈ ನೋಡಿ, "ಬಸ್ಸಲ್ಲಿ ವಾಸನೆ ಆಗುತ್ತೆ, ಮುಟ್ಟಬೇಡ ಬಿಡು," ಎಂದು ನಕ್ಕರು. ಆ ನಗುವಿಗೆ ನಾನು ಮಾವನನ್ನು ಇವತ್ತಿಗೂ ಕ್ಷಮಿಸಿಲ್ಲ.

ರಾತ್ರಿ ಗಂಡನಿಗೆ ಹೇಳಿದೆ. ಅವನು, "ಅಪ್ಪಂದು ಸ್ವಭಾವನೇ ಹಾಗೆ," ಎಂದ. ಇಷ್ಟು ದಿನ ಒಬ್ಬರ ಮೇಲಿದ್ದ ಸಿಟ್ಟು ಆವತ್ತಿನಿಂದ ಇಬ್ಬರ ಮೇಲಾಯಿತು.

ಅದಾದ ಸ್ವಲ್ಪ ದಿನಕ್ಕೆ ಮಾವನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಔಷಧಿ ಹಾಕಲು ಅನುಕೂಲ ಎಂದು ಮಲ್ಲೇಶ್ವರದಲ್ಲಿದ್ದ ಮಗಳ ಮನೆಯಲ್ಲಿ ಉಳಿದುಕೊಂಡರು. ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ದಿನವೇ ಅಂಗಳದಲ್ಲಿ ಗಾಡಿ ಕಾಣಲಿಲ್ಲ. ಭಾವನನ್ನು ಕೇಳಿದೆ.

"ಗ್ಯಾರೇಜಿಗೆ ಬಿಟ್ಟಿದೀನಿ. ಆ ಕಡ್ಡಿ ಚಕ್ರ ಎಲ್ಲಾ ತೆಗ್ಸಿ ಅಲಾಯ್ ವೀಲ್ ಹಾಕಿಸ್ತಿದೀನಿ. ಪಂಚರ್ ಆದ್ರೆ ತಲೆನೋವಿಲ್ಲ, ಒರೆಸೋ ಗೋಳೂ ಇಲ್ಲ."

"ಮಾವನ್ನ ಕೇಳಿದ್ರಾ?"

"ಅವರು ಓಡಿಸಲ್ವಲ್ಲ ಈಗ. ನಾವು ನಾಲ್ಕು ಜನ ಶನಿವಾರ ರೈಡ್ ಹೋಗ್ತೀವಿ, ನಂಗೆ ಬೇಕು."

"ಕೇಳದೆ ಮಾಡಿದ್ರೆ ರಾದ್ಧಾಂತ ಆಗುತ್ತೆ, ಭಾವ."

ಭಾವ ಮೆಟ್ಟಿಲ ಮೇಲೆ ನಿಂತು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು. "ನಿಂಗ್ಯಾಕೆ ಅದೆಲ್ಲ? ನಿಮ್ಮ ಮನೆಯಿಂದ ತಂದ ಗಾಡೀನಾ? ನಿಂಗೆ ಉಜ್ಜೋದು ತಪ್ತು ಅಂತ ಖುಷಿ ಪಡು."

ಗಾಡಿ ವಾಪಸ್ಸು ಬಂದಾಗ ಗುರುತೇ ಸಿಗಲಿಲ್ಲ. ದಪ್ಪ ದಪ್ಪ ಕೈಗಳ ಕರಿ ಚಕ್ರ, ಟ್ಯಾಂಕಿಗೂ ಹೊಳಪಿಲ್ಲದ ಕರಿ ಬಣ್ಣ. ನನಗೆ ಖುಷಿಯಾಗಲಿಲ್ಲ. ಯಾಕೆ ಎಂದು ಆಗ ಯೋಚಿಸಲೂ ಇಲ್ಲ. ನಾನು ಅಷ್ಟು ವಾರ ಬೈಸಿಕೊಂಡು ಉಜ್ಜಿದ್ದನ್ನು ಯಾರೋ ಕಿತ್ತು ಎಸೆದಿದ್ದಾರೆ ಎಂದು ಮಾತ್ರ ಅನಿಸಿತು.

ಮಾವ ಕಪ್ಪು ಕನ್ನಡಕ ಹಾಕಿಕೊಂಡು ಆಟೋದಿಂದ ಇಳಿದರು. ನನ್ನ ಗಂಡ ತೋಳು ಹಿಡಿದಿದ್ದ. ಗೇಟು ದಾಟಿದವರು ನಿಂತುಬಿಟ್ಟರು. ಹತ್ತಿರ ಹೋಗಿ ಚಕ್ರವನ್ನು ಕೈಯಿಂದ ಮುಟ್ಟಿ ನೋಡಿದರು.

"ಯಾವನ್ ಮಾಡ್ಸಿದ್ದು?"

ಭಾವ ಮೆಟ್ಟಿಲಿಳಿದು ಬಂದರು. ಹಾದಿಯಲ್ಲೇ ಉತ್ತರ ತಯಾರು ಮಾಡಿಕೊಂಡಿದ್ದರು ಎಂದು ಕಾಣುತ್ತದೆ. "ಅಪ್ಪ, ಪಾಪ ಇವಳಿಗೆ ಪ್ರತಿ ವಾರ ಉಜ್ಜಿ ಉಜ್ಜಿ ಸಾಕಾಗಿತ್ತಂತೆ. ಏನಾದ್ರೂ ಮಾಡಿ ಭಾವ ಅಂತ ಗೋಗರೆದಳು. ಅದಕ್ಕೇ..."

ಮಾವ ನನ್ನ ಕಡೆ ತಿರುಗಿದರು. ಕನ್ನಡಕದ ಹಿಂದೆ ಕಣ್ಣು ಕಾಣುತ್ತಿರಲಿಲ್ಲ, ಬಾಯಿ ಮಾತ್ರ ಕಾಣುತ್ತಿತ್ತು.

"ಮೈಗಳ್ಳಿ! ವಠಾರದಿಂದ ಬಂದೋಳಿಗೆ ಮನೆ ವಸ್ತು ಅಂದ್ರೆ ಏನ್ ಗೊತ್ತಾಯ್ತದೆ? ನನ್ನ ಕಣ್ಣು ಕಟ್ಟಿರೋದು ನೋಡ್ಕೊಂಡು ಮಾಡ್ಸಿದೀಯಲ್ಲ! ನಿಮ್ಮಪ್ಪ ಇದನ್ನೇನಾ ಕಲಿಸಿದ್ದು?"

ನಾನು ಗಂಡನ ಮುಖ ನೋಡಿದೆ. ಅವನು, "ಅಪ್ಪ, ಒಳಗೆ ಬನ್ನಿ, ಕಣ್ಣಿಗೆ ಧೂಳು ಬೀಳುತ್ತೆ," ಎಂದ.

ಅಷ್ಟೇ ಸಾಕಾಯಿತು ನನಗೆ. ಬೀದಿ ಇದೆ, ಎದುರು ಮನೆಯವರಿದ್ದಾರೆ ಎಂಬುದೆಲ್ಲ ಮರೆತುಹೋಯಿತು.

"ನಮ್ಮಪ್ಪ ಏನು ಕಲಿಸಿದ್ರು ಗೊತ್ತಾ? ಮನೆ ಬಾಗಿಲಿಗೆ ಬಂದೋರನ್ನ ಒಳಗೆ ಕರೆದು ನೀರು ಕೊಡಬೇಕು ಅಂತ ಕಲಿಸಿದ್ರು. ನಿಮಗದು ಯಾರೂ ಕಲಿಸಿಲ್ಲ. ನಿಮ್ಮ ಚಕ್ರನ ನಿಮ್ಮ ಹೆತ್ತ ಮಕ್ಕಳು ಮುಟ್ಟಲಿಲ್ಲ, ನಾನು ಮುಟ್ಟಿದೆ. ಬೆರಳ ಮೇಲೆ ಏಟು ತಿಂದು ಮುಟ್ಟಿದೆ. ಅದನ್ನ ಕಿತ್ತಾಕೋ ಹಾಗಿದ್ರೆ ಮೊದಲನೇ ದಿನಾನೇ ಕಿತ್ತಾಕ್ತಿದ್ದೆ. ಕದ್ದು ಮಾಡೋ ಬುದ್ಧಿ ನನ್ನದಲ್ಲ, ನಿಮ್ಮ ಮೇಲಿನ ಮನೆಯವರದ್ದು."

"ಏಯ್, ಬಾಯಿ ಬಿಗಿ ಹಿಡಿ!" ಎಂದರು ಭಾವ.

"ನೀವು ಬಿಗಿ ಹಿಡೀರಿ. ಯಾವ ಗ್ಯಾರೇಜಿಗೆ ಕೊಟ್ಟಿದ್ದು ಹೇಳಿ."

ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಗಾಡಿಯ ಹಿಂದಿನ ಮಡ್‌ಗಾರ್ಡಿನ ಮೇಲೆ ಗ್ಯಾರೇಜಿನವನು ತನ್ನ ಹೆಸರು, ವಿಳಾಸದ ಸ್ಟಿಕ್ಕರ್ ಅಂಟಿಸಿ ಕಳಿಸಿದ್ದ. ಚಪ್ಪಲಿ ಮೆಟ್ಟಿಕೊಂಡು ಆಗಲೇ ಹೊರಟೆ. ಮಾವನ ಮೇಲಿನ ಕನಿಕರಕ್ಕಲ್ಲ. ಆ ರಿಮ್ಮುಗಳನ್ನು ಅವರ ಮುಂದೆ ಎಸೆದು, ನೀವು ಹೇಳಿದ್ದು ಸುಳ್ಳು ಎಂದು ತೋರಿಸಬೇಕಿತ್ತು.

ಗ್ಯಾರೇಜು ಕಲಾಸಿಪಾಳ್ಯದ ಹಿಂದಿನ ಗಲ್ಲಿಯಲ್ಲಿತ್ತು. ಮೆಕ್ಯಾನಿಕ್ಕು ಮೊದಲು, "ಗುಜರಿಗೆ ಹೋಗಿರ್ಬೇಕು ಮೇಡಂ," ಎಂದು ತಲೆಯೆತ್ತದೆ ಹೇಳಿದ. ನಾನು ಅಲ್ಲೇ ನಿಂತೆ. ಹೋಗುವುದಿಲ್ಲ ಎಂದು ಗೊತ್ತಾದ ಮೇಲೆ ಶೀಟಿನ ಮಾಡಿನ ಕಡೆ ಕೈ ತೋರಿಸಿದ. ಏಣಿ ಹತ್ತಿ ನೋಡಿದರೆ ಹಳೆ ಟೈರು, ಮುರಿದ ಸೈಲೆನ್ಸರುಗಳ ನಡುವೆ ಎರಡೂ ಬಿದ್ದಿದ್ದವು. ಬೈದು ಅವನ ಕೈಯಲ್ಲೇ ಚಕ್ರಗಳನ್ನು ಕೆಳಗಿಳಿಸಿಕೊಂಡೆ. ಇಳಿಸುತ್ತ ಅವನು, "ನಿಮ್ಮ ಯಜಮಾನರ ಅಣ್ಣ ತಿಂಗಳ ಹಿಂದೇನೇ ಬಂದು ಮಾತಾಡಿದ್ರು. ಅಪ್ಪ ಆಸ್ಪತ್ರೆಗೆ ಹೋಗ್ಲಿ, ಆಮೇಲೆ ತರ್ತೀನಿ ಅಂದ್ರು," ಎಂದ. ಫೋನ್ ತೆಗೆದು, "ಇನ್ನೊಂದ್ಸಲ ಹೇಳಿ," ಎಂದೆ. ಅವನು ಹೆದರಿ, "ನಮ್ಮನ್ಯಾಕೆ ಸೇರಿಸ್ತೀರ ಮೇಡಂ," ಎಂದ. ಸೇರಿಸಿದೆ. ಮಾವನಿಗೆ ಫೋನ್ ಮಾಡಿ ಅವನ ಕೈಗೆ ಕೊಟ್ಟೆ. ತಡವರಿಸುತ್ತ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಎರಡು ಚಕ್ರ ಹೊತ್ತು ಆಟೋ ಹತ್ತಿದರೆ ಡ್ರೈವರು ಸೀಟು ಕೊಳೆಯಾಗುತ್ತದೆ ಎಂದು ಜಗಳಕ್ಕೆ ಬಂದ. ಆವತ್ತು ನನ್ನ ಜೊತೆ ಜಗಳವಾಡುವ ದಿನವಾಗಿರಲಿಲ್ಲ.

ಮಾವ ಅಂಗಳದ ಕುರ್ಚಿಯಲ್ಲೇ ಕುಳಿತಿದ್ದರು. ಚಕ್ರಗಳನ್ನು ಅವರ ಕಾಲ ಬಳಿ ಇಟ್ಟೆ. ಎಸೆಯಬೇಕೆಂದುಕೊಂಡಿದ್ದೆ, ಇಡುವಷ್ಟರಲ್ಲಿ ಕೈ ತಾನಾಗಿ ನಿಧಾನವಾಯಿತು. ಅಷ್ಟು ವಾರಗಳ ಅಭ್ಯಾಸ ಅದು. ಅವರು ಬಾಗಿ ಬೆರಳಾಡಿಸಿದರು. ನನ್ನನ್ನು ಕ್ಷಮಿಸು ಎನ್ನಬೇಕಿತ್ತು, ತಪ್ಪಾಯಿತು ಎನ್ನಬೇಕಿತ್ತು. ಅವರು ಹೇಳಿದ್ದು, "ಹಿಂದಿಂದು ಏಟು ತಿಂದದೆ. ಇಲ್ಲಿ ತಗ್ಗು ಬಿದ್ದದೆ ನೋಡು."

"ನೋಡಿದೀನಿ," ಎಂದೆ. "ನಾನು ಮಾಡಿದ್ದಲ್ಲ."

ಅವರು ತಲೆಯೆತ್ತಿ ಮಹಡಿಯ ಕಡೆ, "ಕೆಳಗೆ ಬಾರೋ!" ಎಂದು ಕೂಗಿದರು. ಭಾವ ಬಂದರು. ತಂದೆ ಮಗನ ನಡುವೆ ನಡೆದದ್ದನ್ನೆಲ್ಲ ಬರೆಯುವುದಿಲ್ಲ. ಒಂದು ಗಾಡಿಗೆ ಆಡುವ ಮಾತಲ್ಲ ಅವು. ಮನೆ, ಮಂಡಿ, ಅತ್ತೆಯ ಕೊನೆಯ ದಿನಗಳು ಎಲ್ಲ ಅದರಲ್ಲಿ ಬಂದವು. ಕೊನೆಗೆ ಭಾವ ಗಾಡಿಯ ಕೀಲಿಕೈಯನ್ನು ಅಂಗಳಕ್ಕೆ ಎಸೆದು ಮೇಲೆ ಹೋದರು. ಆವತ್ತಿನಿಂದ ಹೊರಗಿನ ಮೆಟ್ಟಿಲಲ್ಲೇ ಓಡಾಡಿದರು, ಅಪ್ಪನ ಜೊತೆ ಮಾತು ಬಿಟ್ಟರು. ನನ್ನ ಜೊತೆ ಮೊದಲೂ ಇದ್ದದ್ದು ಅಷ್ಟರಲ್ಲೇ.

ಹಳೆ ಚಕ್ರಗಳು ಮತ್ತೆ ಗಾಡಿಗೆ ಸೇರಿದವು. ಹಿಂದಿನ ಚಕ್ರದ ತಗ್ಗನ್ನು ಯಾರೋ ತಟ್ಟಿ ಸರಿ ಮಾಡಿಕೊಟ್ಟರು, ಆ ಜಾಗದಲ್ಲಿ ಕ್ರೋಮ್ ಸ್ವಲ್ಪ ಸಿಪ್ಪೆ ಎದ್ದಿತು. ಭಾನುವಾರ ಬಂತು. ಮಾವ ಗೋಣಿಚೀಲ ಹಾಸಿ, ಡಬ್ಬಗಳನ್ನೆಲ್ಲ ಜೋಡಿಸಿ, ಏನೂ ನಡೆದೇ ಇಲ್ಲ ಎಂಬಂತೆ ಅಡುಗೆಮನೆ ಕಡೆ ಕೂಗಿದರು.

ನಾನು ಬಾಗಿಲಿಗೆ ಬಂದು ನಿಂತು, "ನಾನು ಇನ್ನು ಮೇಲೆ ಮಾಡಲ್ಲ," ಎಂದೆ.

"ಯಾಕೆ? ಕೈಗೇನಾಗದೆ?"

"ಕೈಗೇನೂ ಆಗಿಲ್ಲ. ಮಾಡಲ್ಲ, ಅಷ್ಟೇ."

ಅವರು ನನ್ನನ್ನೇ ನೋಡಿದರು. ಪೊರೆ ತೆಗೆದ ಕಣ್ಣಿನಲ್ಲಿ ಅವರಿಗೆ ನಾನು ಚೆನ್ನಾಗಿ ಕಂಡಿರಬೇಕು. ನಂತರ ಕುರ್ಚಿಯನ್ನು ಚಕ್ರದ ಹತ್ತಿರ ಎಳೆದುಕೊಂಡು ತಾವೇ ಶುರುಮಾಡಿದರು. ಬಟ್ಟೆ ಸ್ಪೋಕಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಂಡರು. ಮತ್ತೆ ಸಿಕ್ಕಿಕೊಂಡಿತು. ನಾನು ಕಿಟಕಿಯ ಒಳಗೆ ಹುರುಳಿಕಾಯಿ ನಾರು ತೆಗೆಯುತ್ತ ನೋಡುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಒಂದು ಅಂಗೈಯಗಲ ಹೊಳೆದಿತ್ತು. ಅಯ್ಯೋ ಎನಿಸಿತು, ಇಲ್ಲ ಎನ್ನಲಾರೆ. ಆದರೆ ಎದ್ದು ಹೋಗಲಿಲ್ಲ.

ಆ ಮಳೆಗಾಲ ಮುಗಿಯುವುದರೊಳಗೆ ನಾವು ಬೇರೆ ಮನೆ ಮಾಡಿದೆವು. ನಾನು ಗಂಡನಿಗೆ ನೇರವಾಗಿ ಹೇಳಿದೆ. "ನಾನು ಹೋಗ್ತಿದೀನಿ. ನೀನು ಬರೋದಾದ್ರೆ ಬಾ. ಇಲ್ಲಾಂದ್ರೆ ಇಲ್ಲೇ ಇದ್ಕೊಂಡು ನಿಮ್ಮಪ್ಪಂದು ಸ್ವಭಾವನೇ ಹಾಗೆ ಅಂತ ಹೇಳ್ತಾ ಇರು." ಅವನು ಬಂದ. ಬಾಡಿಗೆಗೆ ಸಿಕ್ಕಿದ್ದು ಎರಡು ಕೋಣೆಯ ಮನೆ, ಗಾಳಿ ಬೆಳಕು ಅಷ್ಟಕ್ಕಷ್ಟೆ. ಸಾಮಾನು ಟೆಂಪೋಗೇರಿಸುವ ದಿನ ಮಾವ ಹೊರಗೆ ಬರಲಿಲ್ಲ. ನಾನೂ ಒಳಗೆ ಹೋಗಿ ಹೇಳಿಬರಲಿಲ್ಲ.

ಈಗ ನನ್ನ ಗಂಡ ಪ್ರತಿ ಭಾನುವಾರ ಚಾಮರಾಜಪೇಟೆಗೆ ಹೋಗುತ್ತಾನೆ. ಬ್ಯಾಟು ಮಂಚದ ಕೆಳಗೆ ಬಿದ್ದಿದೆ. ಮಧ್ಯಾಹ್ನ ಊಟಕ್ಕೆ ಬಂದಾಗ ಉಗುರ ಸಂದಿಯಲ್ಲಿ ಕಪ್ಪು ಇರುತ್ತದೆ. ಏನು ಮಾಡಿ ಬಂದೆ ಎಂದು ನಾನು ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ಹೋದ ವಾರ ಮಾತ್ರ ತಟ್ಟೆಯ ಮುಂದೆ ಕುಳಿತು ತಾನಾಗೇ ಹೇಳಿದ: "ಅಪ್ಪ ಬೈತಾರೆ ಕಣೇ. ಅವಳು ಮಾಡ್ತಿದ್ದ ಹಾಗೆ ಮಾಡಕ್ಕೆ ಬರಲ್ವಾ ನಿಂಗೆ, ಅಂತಾರೆ."

ನಾನು ಖುಷಿಪಡುತ್ತೇನೆ ಎಂದು ಅವನು ಕಾದಂತಿತ್ತು. ನನಗೆ ಮೈಯೆಲ್ಲ ಉರಿಯಿತು. ನನಗೆ ಹೇಳಬೇಕಾಗಿದ್ದಾಗ ಆ ಬಾಯಿಂದ ಆ ಮಾತು ಬರಲಿಲ್ಲ. ಈಗ ಮಗನನ್ನು ಹಂಗಿಸಲು ಬೇಕಾಯಿತು, ಬಂತು.

"ಸೀಮೆಎಣ್ಣೆ ವಾಸನೆ ಹೊಡೀತಿದೀಯ," ಎಂದೆ. "ಎದ್ದು ಕೈ ತೊಳ್ಕೊಂಡು ಬಾ. ಅನ್ನ ಹಾಕ್ತೀನಿ."